ರೆಸ್ಲಿಂಗ್ ಶೋ ನಡೆಸುವವರಿಗೆ: ಅಕಾಲ ಸಾವುಗಳು ಬರೆಸಿದ ಸುರಕ್ಷತಾ ನಿಯಮಗಳು, ಅವನ್ನು ಪಾಲಿಸುವ ಬಗೆ

ಪ್ರೊಫೆಷನಲ್ ರೆಸ್ಲಿಂಗಿನ ಸುರಕ್ಷತಾ ನಿಯಮಗಳನ್ನು ಒಂದೊಂದಾಗಿ ಕೆದಕುತ್ತ ಹೋದರೆ ಬಹಳಷ್ಟರ ಬುಡದಲ್ಲಿ ಯಾರದೋ ಸಾವು ಸಿಗುತ್ತದೆ. ಓವನ್ ಹಾರ್ಟ್ ಮತ್ತು ಯೊಕೊಜುನಾ ತೀರಿಕೊಂಡಾಗ 34 ವರ್ಷ, ಬ್ರಯನ್ ಪಿಲ್ಮನ್‌ಗೆ 35, ಎಡ್ಡಿ ಗರೆರೊಗೆ 38, ಡೇವಿ ಬಾಯ್ ಸ್ಮಿತ್‌ಗೆ 39. 1985ರಿಂದ 2011ರ ನಡುವೆ ರಿಂಗಿಗಿಳಿದವರನ್ನು ಲೆಕ್ಕಕ್ಕೆ ತೆಗೆದುಕೊಂಡ ಅಮೆರಿಕದ ಅಧ್ಯಯನವೊಂದರಲ್ಲಿ, 45ರಿಂದ 54ರ ವಯಸ್ಸಿನ ರೆಸ್ಲರ್‌ಗಳ ಸಾವಿನ ಪ್ರಮಾಣ ಅದೇ ವಯಸ್ಸಿನ ಸಾಮಾನ್ಯ ಗಂಡಸರಿಗಿಂತ 2.9 ಪಟ್ಟು ಹೆಚ್ಚಿತ್ತು.

ದೊಡ್ಡ ಕಂಪನಿಗಳು ಕೋರ್ಟು, ಪತ್ರಿಕೆ, ಪ್ರಾಯೋಜಕರ ಒತ್ತಡದಲ್ಲಿ ಒಂದಿಷ್ಟು ಕಲಿತವು. ಸಣ್ಣ ಶೋಗಳು ಮತ್ತು ತರಬೇತಿ ಶಾಲೆಗಳ ಮೇಲೆ ಆ ಒತ್ತಡವಿಲ್ಲ, ಆದರೆ ರಿಂಗಿನ ಹಲಗೆ ಎಲ್ಲ ಕಡೆಯೂ ಅಷ್ಟೇ ಗಟ್ಟಿ. ಈ ಬರಹ ಅಂಥ ಶೋ ನಡೆಸುವವರಿಗೆ, ತರಬೇತುದಾರರಿಗೆ, ರೆಫರಿಗಳಿಗೆ.

ಈ ಆಟದಲ್ಲಿ ಸೋಲು ಗೆಲುವು ಮೊದಲೇ ನಿಶ್ಚಯ. ನೋವಿನ ನಟನೆಯೇ ಕಸುಬು. ಹಾಗಾಗಿ ನಿಜವಾದ ಅಪಾಯ ಬಂದಾಗ ಅದೂ ನಟನೆಯ ಹಾಗೇ ಕಾಣುತ್ತದೆ. ಪಂದ್ಯ ನಿಲ್ಲಿಸುವ ಅಧಿಕಾರ ನಟಿಸುವವರ ಕೈಯಲ್ಲಿ ಇರಕೂಡದು ಎನ್ನುವುದಕ್ಕೆ ಇದೇ ಕಾರಣ. ಮುಂದೆ ಹೇಳುವ ಬಹುತೇಕ ಕ್ರಮಗಳು ಈ ಒಂದು ಮಾತಿನಿಂದ ಹುಟ್ಟಿದವು.

ಸಹಿ ಹಾಕಿಸುವ ಮೊದಲು: ಹೃದಯ, ರಕ್ತ, ಕುತ್ತಿಗೆ

ಎಡ್ಡಿ ಗರೆರೊ 2005ರ ನವೆಂಬರ್ 13ರಂದು ಮಿನಿಯಾಪೊಲಿಸ್‌ನ ಹೋಟೆಲ್ ಕೋಣೆಯಲ್ಲಿ ತೀರಿಕೊಂಡರು. ಕಾರಣ ಹೃದಯದ ರಕ್ತನಾಳಗಳ ಕಾಯಿಲೆ. ಮೂರು ತಿಂಗಳ ಬಳಿಕ, 2006ರ ಫೆಬ್ರವರಿಯಲ್ಲಿ, ಅಮೆರಿಕದ ದೊಡ್ಡ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇ ತನ್ನ ವೆಲ್‌ನೆಸ್ ಕಾರ್ಯಕ್ರಮವನ್ನು ಘೋಷಿಸಿತು. ಹೃದಯ ತಪಾಸಣೆ, ಔಷಧ ಪರೀಕ್ಷೆ ಎರಡೂ ಅದರಲ್ಲಿದ್ದವು. ಫಲ ಬೇಗನೆ ಕಂಡಿತು: 2007ರಲ್ಲಿ ಎಂವಿಪಿ ಎಂಬ ರೆಸ್ಲರ್‌ಗೆ ಹೃದಯದ ವಿದ್ಯುತ್ ಮಾರ್ಗದ ದೋಷವಾದ ವುಲ್ಫ್-ಪಾರ್ಕಿನ್ಸನ್-ವೈಟ್ ಇರುವುದು ಇಂಥ ತಪಾಸಣೆಯಲ್ಲೇ ಗೊತ್ತಾಯಿತು.

ವರ್ಷಕ್ಕೊಮ್ಮೆ ಕೇಳಬೇಕಾದದ್ದು: ರಕ್ತದೊತ್ತಡ, 12 ಲೀಡ್ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಕೊಲೆಸ್ಟರಾಲ್, ಸಕ್ಕರೆ, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು). 35 ದಾಟಿದವರಿಗೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದ್ದವರಿಗೆ ಟ್ರೆಡ್‌ಮಿಲ್ ಪರೀಕ್ಷೆಯೂ ಬೇಕು. ‘ಫಿಟ್ ಇದ್ದಾರೆ’ ಎಂಬ ಒಂದು ಸಾಲಿನ ಚೀಟಿಯನ್ನು ಒಪ್ಪಿಕೊಳ್ಳಬೇಡಿ, ರಿಪೋರ್ಟುಗಳನ್ನೇ ತರಿಸಿ ನಿಮ್ಮ ವೈದ್ಯರಿಗೆ ತೋರಿಸಿ. ಹೃದ್ರೋಗ ತಜ್ಞರಿಗೆ ‘ಆಟಗಾರ’ ಎಂದಷ್ಟೇ ಹೇಳಿದರೆ ಅವರು ಓಟಗಾರನನ್ನು ಊಹಿಸಿಕೊಂಡಾರು. ಉಸಿರು ಬಿಗಿಹಿಡಿದು ನೂರು ಕಿಲೋ ಎತ್ತುವುದು, ಹದಿನೈದು ಇಪ್ಪತ್ತು ನಿಮಿಷ ಬೀಳುತ್ತ ಏಳುತ್ತ ಇರುವುದು, ತಡರಾತ್ರಿ ಪ್ರಯಾಣ, ಎಲ್ಲವನ್ನೂ ಬಿಡಿಸಿ ಹೇಳಬೇಕು.

ಸ್ಟೆರಾಯ್ಡ್ ವಿಷಯವನ್ನು ವೈದ್ಯರ ಬಳಿ ಮುಚ್ಚಿಟ್ಟರೆ ತಪಾಸಣೆಗೆ ಅರ್ಥವೇ ಇಲ್ಲ. ಅದು ಒಳ್ಳೆಯ ಕೊಲೆಸ್ಟರಾಲನ್ನು ಇಳಿಸಿ ಕೆಟ್ಟದ್ದನ್ನು ಏರಿಸುತ್ತದೆ, ರಕ್ತವನ್ನು ಗಟ್ಟಿಮಾಡುತ್ತದೆ, ಹೃದಯದ ಗೋಡೆಯನ್ನು ದಪ್ಪಗಾಗಿಸುತ್ತದೆ. ಹೆಮಟೊಕ್ರಿಟ್ ಶೇ 54 ದಾಟಿದ್ದರೆ, ವೈದ್ಯರೇ ಬರೆದುಕೊಟ್ಟ ಟೆಸ್ಟೋಸ್ಟೆರಾನ್ ಆದರೂ ನಿಲ್ಲಿಸಬೇಕಾದ ಮಟ್ಟ ಅದು. ಎಕೋದಲ್ಲಿ ಎಡ ಹೃತ್ಕುಕ್ಷಿಯ ಗೋಡೆ 13ರಿಂದ 15 ಮಿಲಿಮೀಟರ್ ಇದ್ದರೆ ವ್ಯಾಯಾಮದಿಂದ ಬಂದದ್ದೋ ರೋಗವೋ ಎಂದು ತಜ್ಞರು ತೀರ್ಮಾನಿಸುವವರೆಗೆ ಪಂದ್ಯ ಬೇಡ.

ರಕ್ತ ಹರಿಯುವ ಪಂದ್ಯ ಆಡಿಸುವವರು ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸಬೇಕು. ಬಿ ಗೆ ಲಸಿಕೆ ಇದೆ, ಹಾಕಿಸಿ. ಸಿ ಗೆ ಇಲ್ಲ. ರೆಸ್ಲರ್ ಅಬ್ದುಲ್ಲಾ ದ ಬುಚರ್ ಒಂದೇ ಬ್ಲೇಡಿನಿಂದ ಎದುರಾಳಿಗೆ ಹೆಪಟೈಟಿಸ್ ಸಿ ಹರಡಿದ ಪ್ರಕರಣದಲ್ಲಿ ಕೆನಡಾದ ಒಂಟಾರಿಯೊ ನ್ಯಾಯಾಲಯ 2014ರಲ್ಲಿ ಸುಮಾರು 23 ಲಕ್ಷ ಡಾಲರ್ ಪರಿಹಾರಕ್ಕೆ ಆದೇಶಿಸಿತು. ರಕ್ತ ತೋರಿಸಲೆಂದು ಬ್ಲೇಡಿನಿಂದ ಹಣೆ ಕೊಯ್ದುಕೊಳ್ಳುವ ಪದ್ಧತಿಯನ್ನೇ ಬಿಟ್ಟರೆ ಈ ತಲೆನೋವು ಮುಕ್ಕಾಲು ಪಾಲು ಹೋಗುತ್ತದೆ. ರೆಫರಿ ಕೈಗವಸು ಹಾಕಲಿ, ಕ್ಯಾನ್ವಾಸಿನ ಮೇಲಿನ ರಕ್ತ ಒರೆಸದೆ ಮುಂದಿನ ಪಂದ್ಯ ಶುರುವಾಗದಿರಲಿ.

ಕುತ್ತಿಗೆಯ ಬಗ್ಗೆ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ: ಬಿದ್ದಾಗ ಕೈ ಜುಮ್ಮೆಂದು ಮರಗಟ್ಟಿದ್ದುಂಟೇ? ಒಂದು ಕೈಗೆ ಸೀಮಿತವಾಗಿ ಕೆಲವೇ ಕ್ಷಣ ಇದ್ದು ಹೋಗಿದ್ದರೆ ನರ ಜಗ್ಗಿರಬಹುದು, ವೈದ್ಯರ ತಪಾಸಣೆ ಸಾಕಾಗಬಹುದು. ಎರಡೂ ಕೈಗೆ, ಅಥವಾ ಕೈಯ ಜೊತೆ ಕಾಲಿಗೂ ಆಗಿದ್ದರೆ ಮಿದುಳುಬಳ್ಳಿಯೇ ಒತ್ತಿಕೊಂಡಿರುವ ಸಾಧ್ಯತೆ ಇದೆ, ಎಂಆರ್‌ಐ ಆಗುವವರೆಗೆ ಅಭ್ಯಾಸವೂ ಬೇಡ. 2011ರ ಏಪ್ರಿಲ್‌ನಲ್ಲಿ ಡಬ್ಲ್ಯುಡಬ್ಲ್ಯುಇಯ ದೊಡ್ಡ ವಾರ್ಷಿಕ ಶೋ ರೆಸಲ್‌ಮೇನಿಯಾ ಆಡಿ ಗೆದ್ದ ರೆಸ್ಲರ್ ಎಡ್ಜ್ ಅದೇ ತಿಂಗಳು ನಿವೃತ್ತಿ ಘೋಷಿಸಿದ್ದು ಕುತ್ತಿಗೆಯ ಸ್ಕ್ಯಾನ್‌ನಿಂದಾಗಿ. ಮಿದುಳುಬಳ್ಳಿಯ ದಾರಿ ಕಿರಿದಾಗಿತ್ತು.

ಔಷಧ ಪರೀಕ್ಷೆ ಎಲ್ಲಿ ಸೋರುತ್ತದೆ

ಸ್ಟೆರಾಯ್ಡ್ ಪೂರೈಸಿದ ವೈದ್ಯ ಜಾರ್ಜ್ ಜಹೋರಿಯನ್‌ಗೆ 1991ರಲ್ಲಿ ಶಿಕ್ಷೆಯಾದ ನಂತರ ಡಬ್ಲ್ಯುಡಬ್ಲ್ಯುಎಫ್ (ಡಬ್ಲ್ಯುಡಬ್ಲ್ಯುಇಯ ಆಗಿನ ಹೆಸರು) ಪರೀಕ್ಷೆ ಶುರುಮಾಡಿತು, 1996ರಲ್ಲಿ ನಿಲ್ಲಿಸಿಬಿಟ್ಟಿತು. ಮತ್ತೆ ಶುರುವಾಗಿದ್ದು ಗರೆರೊ ಸಾವಿನ ಬಳಿಕ. ನಡುವೆ ಹತ್ತು ವರ್ಷ ಖಾಲಿ. ಹೊಸ ನಿಯಮದಲ್ಲಿ ಮೊದಲ ತಪ್ಪಿಗೆ 30 ದಿನ ಸಂಬಳವಿಲ್ಲದ ಅಮಾನತು, ಎರಡನೆಯದಕ್ಕೆ 60 ದಿನ, ಮೂರನೆಯದಕ್ಕೆ ಕರಾರು ರದ್ದು. ಸಣ್ಣ ಸಂಸ್ಥೆಗೂ ಈ ಮೆಟ್ಟಿಲು ಹೊಂದುತ್ತದೆ, ಆದರೆ ಶಿಕ್ಷೆಯ ಜೊತೆ ಚಿಕಿತ್ಸೆಯ ದಾರಿಯನ್ನೂ ಬರೆದಿಡಿ.

ಪರೀಕ್ಷೆ ಮೂರು ಕಡೆ ಸೋರುತ್ತದೆ. ದಿನಾಂಕ ಮೊದಲೇ ಗೊತ್ತಾಗುವುದು ಒಂದು. ಹೆಸರನ್ನು ಹೊರಗಿನ ಲ್ಯಾಬ್‌ನವರೇ ಚೀಟಿ ಎತ್ತಲಿ. ಮಾದರಿ ಕೊಡುವಾಗ ಯಾರೂ ನೋಡದಿರುವುದು ಇನ್ನೊಂದು. ಎದುರಿಗೇ ಕೊಡಿಸಿ, ಎ ಮತ್ತು ಬಿ ಎಂದು ಎರಡು ಸೀಸೆಗೆ ಹಂಚಿ ಮೊಹರು ಮಾಡಿ. ಮೂರನೆಯದೇ ದೊಡ್ಡ ತೂತು: ‘ಹಾರ್ಮೋನ್ ಕೊರತೆ ಇದೆ’ ಎಂಬ ವೈದ್ಯರ ಚೀಟಿ. ಡಬ್ಲ್ಯುಡಬ್ಲ್ಯುಇ ರೆಸ್ಲರ್ ಕ್ರಿಸ್ ಬೆನ್ವಾ 2007ರ ಏಪ್ರಿಲ್‌ನ ಪರೀಕ್ಷೆಯಲ್ಲಿ ಪಾಸಾಗಿದ್ದರು. ಜೂನ್‌ನಲ್ಲಿ ಹೆಂಡತಿ ಮಗನನ್ನು ಕೊಂದು ಆತ್ಮಹತ್ಯೆ ಮಾಡಿಕೊಂಡಾಗ ದೇಹದಲ್ಲಿ ಟೆಸ್ಟೋಸ್ಟೆರಾನ್ ಮಟ್ಟ ಏರಿತ್ತು. ಚೀಟಿ ತಂದವರ ರಕ್ತವನ್ನು ನಿಮ್ಮ ಕಡೆಯ ಎಂಡೊಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ) ಹೊಸದಾಗಿ ಪರೀಕ್ಷಿಸಬೇಕು. ಹಳೆಯ ಸ್ಟೆರಾಯ್ಡ್ ಬಳಕೆಯೇ ಆ ಕೊರತೆಗೆ ಕಾರಣವಾಗಿರುವುದು ತೀರಾ ಸಾಮಾನ್ಯ.

ರಿಂಗ್

ಬಾಗಿಲು ತೆರೆಯುವ ಎರಡು ಗಂಟೆ ಮೊದಲು ರಿಂಗ್ ಸಿದ್ಧವಿರಬೇಕು, ತಪಾಸಣೆಗೆ ಅಷ್ಟು ಹೊತ್ತು ಬೇಕು. ಬರಿಗಾಲಲ್ಲಿ ಹಲಗೆಯಿಂದ ಹಲಗೆಗೆ ಹೆಜ್ಜೆಯಿಟ್ಟು ನಡೆಯಿರಿ. ಸಂದು ಸಿಕ್ಕರೆ, ಅಂಚು ಏರಿದ್ದರೆ, ಒಂದು ಕಡೆ ಮಾತ್ರ ಹೆಚ್ಚು ಜಗ್ಗಿದರೆ ಕ್ಯಾನ್ವಾಸ್ ಬಿಚ್ಚಿ ಸರಿಪಡಿಸಿ. ಮೇಲಿನ ಫೋಮ್ ಸಾಮಾನ್ಯವಾಗಿ ಒಂದು ಅಂಗುಲದ ಆಸುಪಾಸು ಇರುತ್ತದೆ; ನಡುವಿನಲ್ಲಿ ಸವೆದು ಅರ್ಧವಾಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಹಗ್ಗಗಳನ್ನು ಮೂಲೆಯ ಕಂಬಕ್ಕೆ ಎಳೆದು ಹಿಡಿಯುವ ಟರ್ನ್‌ಬಕಲ್ ತಿರುಪುಗಳನ್ನು ಬಿಗಿ ಮಾಡಿ, ಬೆನ್ನು ತಾಗಿಸಿ ಮೂರೂ ಹಗ್ಗಗಳ ಮೇಲೆ ಪೂರ್ತಿ ಭಾರ ಹಾಕಿ ನೋಡಿ. ಒಳಗೆ ಉಕ್ಕಿನ ಕೇಬಲ್ ಇರುವ ಹಗ್ಗವಾದರೆ ತುದಿಯ ಕ್ಲಾಂಪುಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ.

ಹಗ್ಗದ ಹೊರಗಿನ ಏಪ್ರನ್ ಅಂಚು ರಿಂಗಿನ ಅತಿ ಗಟ್ಟಿ ಜಾಗ, ಕೆಳಗೆ ಉಕ್ಕಿನ ಚೌಕಟ್ಟು ಮಾತ್ರ. ಅದರ ಮೇಲೆ ಬೀಳುವ ಪಟ್ಟುಗಳನ್ನು ಈಚೆಗೆ ಎಲ್ಲರೂ ಆಡುತ್ತಾರೆ, ಆಡದಿದ್ದರೇ ಒಳ್ಳೆಯದು. ಸುತ್ತಲೂ ಆರು ಅಡಿ ಅಗಲಕ್ಕೆ ಮ್ಯಾಟ್ ಹಾಸಿ. 1992ರಲ್ಲಿ ಡಬ್ಲ್ಯುಸಿಡಬ್ಲ್ಯು ಎಂಬ ಅಮೆರಿಕದ ಇನ್ನೊಂದು ರೆಸ್ಲಿಂಗ್ ಕಂಪನಿಯ ಬಿಲ್ ವಾಟ್ಸ್ ಆಟ ನಿಜವೆನಿಸಲಿ ಎಂದು ರಿಂಗಿನ ಸುತ್ತಲ ಮ್ಯಾಟುಗಳನ್ನೇ ತೆಗೆಸಿದ್ದರು. ಮ್ಯಾಟ್ ಇದೆ ಎಂದು ಯಾವ ಪ್ರೇಕ್ಷಕನೂ ಟಿಕೆಟ್ ದುಡ್ಡು ವಾಪಸ್ ಕೇಳುವುದಿಲ್ಲ. ಮ್ಯಾಟ್ ಇದ್ದರೂ ಸಾಲದು ಎನ್ನುವುದಕ್ಕೆ ಬಿಗ್ ಇ ಎಂಬ ರೆಸ್ಲರ್ ಉದಾಹರಣೆ: 2022ರ ಮಾರ್ಚ್‌ನಲ್ಲಿ ರಿಂಗಿನಾಚೆ ಎತ್ತಿ ಎಸೆದಾಗ ತಲೆ ಮೊದಲು ಬಡಿದು ಕುತ್ತಿಗೆಯ ಸಿ1, ಸಿ6 ಮೂಳೆಗಳು ಮುರಿದವು.

ನಿಲ್ಲಿಸುವ ಅಧಿಕಾರ

2019ರ ಮೇ 11ರಂದು ಲಂಡನ್‌ನ ರೌಂಡ್‌ಹೌಸ್‌ನಲ್ಲಿ ಸಿಲ್ವರ್ ಕಿಂಗ್ ಎಂಬ ರೆಸ್ಲರ್ ಪಂದ್ಯದ ನಡುವೆ ಹೃದಯಾಘಾತದಿಂದ ಕುಸಿದು ತೀರಿಕೊಂಡರು. ಅದೂ ಆಟದ ಭಾಗವೆಂದೇ ಜನ ಮೊದಲಿಗೆ ತಿಳಿದರು. 2015ರ ಮಾರ್ಚ್‌ನಲ್ಲಿ ಮೆಕ್ಸಿಕೊದ ತಿಹುವಾನದಲ್ಲಿ ಪೆರೊ ಅಗ್ವಾಯೊ ಜೂನಿಯರ್ ಡ್ರಾಪ್‌ಕಿಕ್ (ಹಾರಿ ಎರಡೂ ಕಾಲಿನಿಂದ ಒದೆಯುವ ಪಟ್ಟು) ತಿಂದು ಹಗ್ಗದ ಮೇಲೆ ನಿಶ್ಚಲರಾಗಿ ಬಿದ್ದಿದ್ದರು, ಪಂದ್ಯ ಮಾತ್ರ ನಡೆದೇ ಇತ್ತು. ಆ ಹೊತ್ತಿಗೆ ವೈದ್ಯರು ಒಳಗೆ ಬೇರೆ ಗಾಯಾಳುಗಳನ್ನು ನೋಡುತ್ತಿದ್ದರು. ತೀರಿಕೊಂಡ ಅಗ್ವಾಯೊಗೆ 35 ವರ್ಷವಾಗಿತ್ತು. ಎರಡೂ ಕಡೆ ಸುತ್ತ ಜನರಿದ್ದರು. ‘ಇದು ನಿಜ’ ಎಂದು ಗಟ್ಟಿಯಾಗಿ ಹೇಳಬೇಕಾದವರು ಯಾರು ಎನ್ನುವುದು ಮಾತ್ರ ಸ್ಪಷ್ಟವಿರಲಿಲ್ಲ.

ಹಿಂದೆ ಅಮೆರಿಕದ ಹಲವು ರಾಜ್ಯಗಳಲ್ಲಿ ಅಥ್ಲೆಟಿಕ್ ಆಯೋಗದ (ಕ್ರೀಡೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) ಅಧಿಕಾರಿಗಳು ಈ ಕೆಲಸಕ್ಕೆ ಇರುತ್ತಿದ್ದರು. 1989ರಲ್ಲಿ ಇದು ಬರೀ ಮನರಂಜನೆ ಎಂದು ಡಬ್ಲ್ಯುಡಬ್ಲ್ಯುಎಫ್ ಕಂಪನಿಯೇ ನ್ಯೂಜೆರ್ಸಿಯಲ್ಲಿ ಒಪ್ಪಿಕೊಂಡು ಪರವಾನಗಿ, ತೆರಿಗೆಗಳ ಹಿಡಿತದಿಂದ ಪಾರಾಯಿತು. ತೆರಿಗೆಯ ಜೊತೆ ಸರ್ಕಾರಿ ಕಣ್ಗಾವಲೂ ಹೋಯಿತು. ಆ ಖಾಲಿ ಜಾಗವನ್ನು ಆಯೋಜಕರೇ ತುಂಬಬೇಕು. ಹೀಗೆ:

1. ರಿಂಗ್‌ಸೈಡಿನಲ್ಲಿ ಒಬ್ಬ ವೈದ್ಯ ಕೂರಬೇಕು, ಒಳಗಿನ ಗಾಯಾಳುಗಳಿಗೆ ಇನ್ನೊಬ್ಬರು ಬೇರೆ. ಕೂತವರು ಎದ್ದರೆ ಪಂದ್ಯವೂ ನಿಲ್ಲುತ್ತದೆ. ಆಂಬುಲೆನ್ಸ್ ಯಾರನ್ನಾದರೂ ಕರೆದೊಯ್ದರೆ ಮತ್ತೊಂದು ಬರುವವರೆಗೆ ಶೋ ನಡೆಯಕೂಡದು.

2. ರೆಫರಿಯ ಕಿವಿಯಲ್ಲಿ ಇಯರ್‌ಪೀಸ್ ಇರಲಿ, ಅದರ ಇನ್ನೊಂದು ತುದಿ ವೈದ್ಯರ ಬಳಿ ಇರಲಿ. ಕಥೆ ಬರೆಯುವವರ ಬಳಿ ಮಾತ್ರ ಇದ್ದರೆ ಅದು ಸುರಕ್ಷತೆಗೆ ಬಾರದು.

3. ಪ್ರತಿ ಜೋರಾದ ಬೀಳಿನ ನಂತರ ರೆಫರಿ ಕೈ ಹಿಡಿದು ಒತ್ತಬೇಕು, ಬಿದ್ದವರು ತಿರುಗಿ ಒತ್ತಬೇಕು. ಒತ್ತು ಬರದಿದ್ದರೆ ಇನ್ನೊಮ್ಮೆ ಕೇಳಿ. ಆಗಲೂ ಬರದಿದ್ದರೆ ತೋಳುಗಳನ್ನು ತಲೆಯ ಮೇಲೆ ಅಡ್ಡಹಾಯಿಸಿ ಎಕ್ಸ್ ಸಂಜ್ಞೆ.

4. ಎಕ್ಸ್ ಕಂಡ ತಕ್ಷಣ ಎದುರಾಳಿ ದೂರ ಸರಿಯಬೇಕು, ಸಂಗೀತ ನಿಲ್ಲಬೇಕು, ಸಭಾಂಗಣದ ದೀಪಗಳೆಲ್ಲ ಹತ್ತಬೇಕು. ದೀಪದವರಿಗೂ ಧ್ವನಿಯವರಿಗೂ ಇದನ್ನು ಮೊದಲೇ ಹೇಳಿಕೊಟ್ಟಿರಬೇಕು. ಹೆಚ್ಚಿನ ಕಡೆ ತಪ್ಪುವುದು ಇದೇ.

ಎಕ್ಸ್ ಸಂಜ್ಞೆಯನ್ನು ಕಥೆಗಾಗಿ ಬಳಸಿದ್ದೂ ಉಂಟು. ಒಮ್ಮೆ ಸುಳ್ಳಾಗಿ ಎತ್ತಿದ ಕೈಯನ್ನು ಮುಂದಿನ ಸಲ ಯಾರೂ ನಂಬುವುದಿಲ್ಲ. ನಿಮ್ಮ ಶೋನಲ್ಲಿ ಆ ಸಂಜ್ಞೆಯಾಗಲಿ, ಸ್ಟ್ರೆಚರ್ ಆಗಲಿ ನಾಟಕಕ್ಕೆ ಬಾರದಿರಲಿ.

‘ನಾನು ಆಡಬಲ್ಲೆ’ ಎಂದು ರೆಸ್ಲರ್ ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಡಿ. ತಲೆಗೆ ಪೆಟ್ಟು ಬಿದ್ದವರಿಗೆ ತಮ್ಮ ಸ್ಥಿತಿಯೇ ತಿಳಿಯುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಎಇಡಬ್ಲ್ಯು ಎಂಬ ರೆಸ್ಲಿಂಗ್ ಕಂಪನಿಯ ಆಲ್ ಔಟ್ ಶೋನಲ್ಲಿ ರೆಸ್ಲರ್ ಮ್ಯಾಟ್ ಹಾರ್ಡಿ ಎತ್ತರದಿಂದ ಬಿದ್ದು ತಲೆ ಕಾಂಕ್ರೀಟಿಗೆ ಬಡಿದಾಗ ಪಂದ್ಯ ನಿಲ್ಲಿಸಿ, ಮತ್ತೆ ಶುರುಮಾಡಿದ್ದಕ್ಕೆ ಕಂಪನಿ ಸಾಕಷ್ಟು ಟೀಕೆ ಎದುರಿಸಿತು. ಒಮ್ಮೆ ನಿಲ್ಲಿಸಿದ್ದನ್ನು ಅದೇ ರಾತ್ರಿ ಪುನಃ ಶುರುಮಾಡುವಂತಿಲ್ಲ ಎಂದು ಬರೆದಿಡಿ. ಇನ್ನೊಂದು ಮಾತು: ವೈದ್ಯರು ತಡೆದರೂ ಪೂರ್ತಿ ಸಂಭಾವನೆ ಸಿಗುತ್ತದೆ ಎಂದು ಕರಾರಿನಲ್ಲಿ ಇರಲಿ. ದುಡ್ಡು ಕಡಿತವಾಗುವ ಕಡೆ ಗಾಯ ಮುಚ್ಚಿಡುವುದು ಸಹಜ.

ಎಇಡಿ ಯಂತ್ರ (ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವಂಥದು) ರಿಂಗ್‌ಸೈಡಿನಲ್ಲೇ ಇರಬೇಕು, ಬೀಗ ಹಾಕಿದ ಕೋಣೆಯಲ್ಲಿ ಬೇಡ. ವಿದ್ಯುತ್ ಆಘಾತ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ. ಫೋಮ್ ಮತ್ತು ಬಳುಕುವ ಹಲಗೆ ಒತ್ತಡವನ್ನು ಸ್ವಲ್ಪ ನುಂಗುತ್ತವೆ, ಎಂದಿಗಿಂತ ಗಟ್ಟಿಯಾಗಿ ಒತ್ತಬೇಕು. ಎಣ್ಣೆ ಬೆವರು ಮೆತ್ತಿದ ಎದೆಗೆ ಪ್ಯಾಡ್ ಅಂಟುವುದಿಲ್ಲ: ಟವೆಲ್, ರೇಜರ್, ಬಟ್ಟೆ ಕತ್ತರಿ ಮೂರನ್ನೂ ಯಂತ್ರದ ಚೀಲದಲ್ಲೇ ಇಟ್ಟಿರಿ. 2012ರ ಸೆಪ್ಟೆಂಬರ್ 10ರಂದು ಮಾಂಟ್ರಿಯಲ್‌ನಲ್ಲಿ ನೇರಪ್ರಸಾರದ ನಡುವೆ ವೀಕ್ಷಕ ವಿವರಣೆಕಾರ ಜೆರ್ರಿ ಲಾಲರ್ ಹೃದಯ ನಿಂತರೂ ಬದುಕಿದ್ದು ವೈದ್ಯರೂ ಯಂತ್ರವೂ ಕೈಯಳತೆಯಲ್ಲಿ ಇದ್ದದ್ದರಿಂದ.

ಕುತ್ತಿಗೆ ಹೋದಾಗ

2009ರ ಜೂನ್ 13ರಂದು ಹಿರೋಶಿಮಾದಲ್ಲಿ ಜಪಾನಿನ ರೆಸ್ಲರ್ ಮಿತ್ಸುಹಾರು ಮಿಸಾವಾ ಒಂದು ಬ್ಯಾಕ್‌ಡ್ರಾಪ್‌ಗೆ (ಹಿಂದಕ್ಕೆ ಎತ್ತಿ ಬೀಳಿಸುವ ಪಟ್ಟು) ಬಿದ್ದರು, ಮತ್ತೆ ಏಳಲಿಲ್ಲ. ಕುತ್ತಿಗೆಯ ಮಿದುಳುಬಳ್ಳಿಗೆ ಪೆಟ್ಟಾಗಿತ್ತು. 46 ವರ್ಷದ ಅವರು ಇಂಥ ಪಟ್ಟಿಗೆ ಸಾವಿರಾರು ಸಲ ಬಿದ್ದವರು. ಆ ಪಟ್ಟಿನಲ್ಲಿ ಹೊಸದೇನೂ ಇರಲಿಲ್ಲ. ವರ್ಷಗಟ್ಟಲೆ ಪೆಟ್ಟು ತಿಂದ ಕುತ್ತಿಗೆಗೆ ಸಾಮಾನ್ಯ ಬೀಳೂ ಸಾಕಾಗಬಹುದು. ಹಿರಿಯರಿಗೆ ತಲೆ-ಕುತ್ತಿಗೆಯ ಮೇಲೆ ಬೀಳಿಸುವ ಪಟ್ಟುಗಳನ್ನು ಕಡಿತಗೊಳಿಸಿ ಎನ್ನುವುದಕ್ಕೆ ಬೇರೆ ಸಮರ್ಥನೆ ಬೇಡ.

‘ಕೈಕಾಲು ಆಡುತ್ತಿಲ್ಲ’ ಎಂದರೆ, ಅಥವಾ ಎಚ್ಚರವಿಲ್ಲದಿದ್ದರೆ, ಎತ್ತಲು ಹೋಗಬೇಡಿ. ಒಬ್ಬರು ತಲೆಯ ಬಳಿ ಮೊಣಕಾಲೂರಿ ಎರಡೂ ಕೈಯಿಂದ ತಲೆಯನ್ನು ಇದ್ದ ಹಾಗೇ ಹಿಡಿಯಲಿ. ಕೊನೆಯವರೆಗೂ ಅವರೇ ಮುಖ್ಯಸ್ಥರು, ಅವರ ಎಣಿಕೆಗೆ ಉಳಿದವರು ಚಲಿಸಬೇಕು. ಉಸಿರಾಟ ನೋಡಿ. ಉಸಿರಿಲ್ಲದಿದ್ದರೆ ಕುತ್ತಿಗೆಯ ಚಿಂತೆ ಹಿಂದೆ ಸರಿಯುತ್ತದೆ, ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಮೊದಲು. ಮುಖವಾಡ ಇದ್ದರೆ ಎಳೆದು ತೆಗೆಯಬೇಡಿ, ತಲೆ ಅಲುಗುತ್ತದೆ; ಬಾಯಿ ಮೂಗಿನ ಭಾಗವನ್ನು ಕತ್ತರಿಯಿಂದ ತೆರೆಯಿರಿ. ಉರುಳಿಸಿ ಹಲಗೆಗೆ ತರಲು ಐದು ಜನ ಬೇಕು: ತಲೆಗೆ ಒಬ್ಬರು, ಭುಜ, ಸೊಂಟ, ಕಾಲಿಗೆ ಮೂವರು, ಹಲಗೆ ತೂರಿಸಲು ಒಬ್ಬರು. ಹೊರಗೆ ತರುವಾಗ ಹಗ್ಗಗಳ ಮೇಲಿಂದ ದಾಟಿಸುವುದು ಅಪಾಯ. ಒಂದು ಬದಿಯ ಟರ್ನ್‌ಬಕಲ್ ಸಡಿಲಿಸಿ, ಕೆಳಹಗ್ಗದ ಅಡಿಯಿಂದ ಹಲಗೆಯನ್ನು ಸಮತಲವಾಗಿ ಜಾರಿಸಿ. ಆ ತಿರುಪಿಗೆ ಬೇಕಾದ ಪಾನಾ ರಿಂಗಿನ ಕಾಲಿಗೇ ಕಟ್ಟಿರಲಿ. ಅಗ್ವಾಯೊ ಅವರನ್ನು ಹೊರಗೆ ಒಯ್ದದ್ದು ಪ್ಲೈವುಡ್ ತುಂಡಿನ ಮೇಲೆ.

ತಲೆ

ಬೆನ್ವಾ ಮಿದುಳನ್ನು ಪರೀಕ್ಷಿಸಿದವರು, ಅಲ್ಜೈಮರ್ಸ್ ಬಂದ 85 ವರ್ಷದವರ ಮಿದುಳಿನ ಹಾಗಿದೆ ಎಂದರು. ಅವರಿಗಿದ್ದದ್ದು 40 ವರ್ಷ. ಆ ಪರೀಕ್ಷೆಗೆ ಮುಂದಾದ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ನೊವಿನ್ಸ್ಕಿ ಸ್ವತಃ ತಲೆಗೆ ಪೆಟ್ಟು ತಿಂದು ರಿಂಗ್ ಬಿಟ್ಟ ರೆಸ್ಲರ್. 2009ರಲ್ಲಿ 33ಕ್ಕೇ ತೀರಿಕೊಂಡ ಟೆಸ್ಟ್ ಖ್ಯಾತಿಯ ಆಂಡ್ರ್ಯೂ ಮಾರ್ಟಿನ್ ಮಿದುಳಿನಲ್ಲೂ ಸಿಟಿಇ (ಮತ್ತೆ ಮತ್ತೆ ತಲೆಗೆ ಪೆಟ್ಟು ಬಿದ್ದು ಬರುವ ಮಿದುಳಿನ ಕಾಯಿಲೆ) ಸಿಕ್ಕಿತು. ಡಬ್ಲ್ಯುಡಬ್ಲ್ಯುಇ 2010ರಲ್ಲಿ ತಲೆಗೆ ಕುರ್ಚಿಯೇಟನ್ನು ನಿಷೇಧಿಸಿತು. ಕುರ್ಚಿ ಬೆನ್ನಿಗೆ ಬೀಳಲಿ, ಚಪ್ಪಟೆ ಬದಿಯಿಂದ. ಕೈ ಅಡ್ಡ ಹಿಡಿದರೂ ತಲೆಗೆ ಬೇಡ.

ಬೀಳುವುದನ್ನು ಕಲಿಸುವಾಗ ಗದ್ದ ಎದೆಗೆ ಒತ್ತಿಸಿ, ಬೀಳುವ ಕ್ಷಣಕ್ಕೆ ಉಸಿರು ಬಿಡಿಸಿ, ಎರಡೂ ಭುಜದೆಲುಬು ಒಟ್ಟಿಗೆ ನೆಲ ಮುಟ್ಟಲಿ, ಕೈಗಳು 45 ಡಿಗ್ರಿಯಲ್ಲಿ ಅಂಗೈ ಬಡಿಯಲಿ. ಸುಸ್ತಾದವರ ಗದ್ದ ಮೊದಲು ಸಡಿಲಾಗುತ್ತದೆ. ತರಬೇತಿಯ ಕೊನೆಯ ಹತ್ತು ನಿಮಿಷದಲ್ಲಿ ಬೀಳು ಅಭ್ಯಾಸ ಇಡಬೇಡಿ.

ತಲೆನೋವು, ಮಂಕು, ತೂರಾಟ, ಮರೆವು, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತಿಗೆ ಆಟ ಮುಗಿಯಿತು. ವಾಂತಿ, ಫಿಟ್ಸ್, ಎರಡೆರಡಾಗಿ ಕಾಣುವುದು, ಏರುತ್ತಲೇ ಹೋಗುವ ತಲೆನೋವು, ಕೈಕಾಲಲ್ಲಿ ಶಕ್ತಿ ಕುಂದುವುದು, ಕುತ್ತಿಗೆ ನೋವು ಕಂಡರೆ ನೇರ ಆಸ್ಪತ್ರೆಗೆ. ಮರಳುವಿಕೆ ಹೀಗಿರಲಿ: 24ರಿಂದ 48 ಗಂಟೆ ಲಘು ಓಡಾಟ, ಮೊಬೈಲ್ ಟೀವಿ ಕಡಿಮೆ. ಆಮೇಲೆ ಸೈಕಲ್ ತುಳಿತ, ಹೃದಯಬಡಿತ ಗರಿಷ್ಠದ ಶೇ 55ರವರೆಗೆ, ನಂತರ ಶೇ 70ರವರೆಗೆ. ಬಳಿಕ ಒಬ್ಬರೇ ಹಗ್ಗದ ಓಟ, ಕಾಲ್ಚಳಕ. ಲಕ್ಷಣಗಳೆಲ್ಲ ಹೋದ ಮೇಲೆ ಬೀಳಿಲ್ಲದ ಹಿಡಿತಗಳ ಅಭ್ಯಾಸ. ವೈದ್ಯರ ಲಿಖಿತ ಒಪ್ಪಿಗೆ ಬಂದ ಮೇಲೆ ದಪ್ಪ ಮ್ಯಾಟಿನ ಮೇಲೆ ಕುಕ್ಕರಗಾಲಿನಿಂದ ಬೀಳು, ಆಮೇಲೆ ನಿಂತು, ಆಮೇಲೆ ರಿಂಗಿನಲ್ಲಿ. ಪಂದ್ಯ ಕೊನೆಗೆ. ಹಂತಕ್ಕೆ ಕನಿಷ್ಠ 24 ಗಂಟೆ; ಬೀಳಿನ ಹಂತದಲ್ಲಿ ಲಕ್ಷಣ ಮರಳಿದರೆ ಒಂದು ಹಂತ ಹಿಂದಕ್ಕಲ್ಲ, ಲಕ್ಷಣ ಪೂರ್ತಿ ಹೋಗುವವರೆಗೆ ಒಬ್ಬಂಟಿ ವ್ಯಾಯಾಮಕ್ಕೇ ವಾಪಸ್. ಪೆಟ್ಟು ಬೀಳುವ ಮೊದಲಿನ ಸ್ಮರಣೆ-ಪ್ರತಿಕ್ರಿಯೆ ಪರೀಕ್ಷೆಯ ಅಂಕ ಕೈಯಲ್ಲಿದ್ದರೆ ಹೋಲಿಸಲು ಸುಲಭ. ಆದರೆ ಬೇಕೆಂದೇ ಕಡಿಮೆ ಅಂಕ ತೆಗೆದಿಡುವ ಚಾಲಾಕಿಗಳೂ ಇದ್ದಾರೆ, ಅಂಕ ವಿಚಿತ್ರವಾಗಿದ್ದರೆ ಪುನಃ ಬರೆಸಿ.

ಎತ್ತರದ ಸಾಹಸ

ಓವನ್ ಹಾರ್ಟ್ 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯ ಕೆಂಪರ್ ಅರೀನಾದಲ್ಲಿ ಚಾವಣಿಯಿಂದ ಇಳಿಯುವಾಗ ಸುಮಾರು 78 ಅಡಿ ಎತ್ತರದಿಂದ ಬಿದ್ದರು. ಬೇಗ ಕಳಚಿಕೊಳ್ಳಲು ಅನುಕೂಲವಾಗಲಿ ಎಂದು ತ್ವರಿತವಾಗಿ ಬಿಚ್ಚುವ ಕೊಕ್ಕೆ ಹಾಕಿದ್ದರು. ಅದು ಭಾರ ಹೊತ್ತಿರುವಾಗಲೇ ಬಿಚ್ಚಿಕೊಂಡಿತು. ಎರಡನೆಯ ಹಗ್ಗ ಇರಲಿಲ್ಲ. ಕುಟುಂಬದ ಮೊಕದ್ದಮೆ 2000ದಲ್ಲಿ 1.8 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಮನುಷ್ಯರನ್ನು ಹೊರಲು ಪ್ರಮಾಣಿತವಾದ, ತಾನಾಗಿ ಲಾಕ್ ಆಗುವ ಕೊಕ್ಕೆಗಳೇ ಬೇಕು, ಪ್ರತ್ಯೇಕ ಆಧಾರಕ್ಕೆ ಬಿಗಿದ ಎರಡನೇ ಹಗ್ಗ ಬೇಕು, ನೆಲದ ಮೇಲೆ ನಿಂತು ಭಾರ ಪೂರ್ತಿ ಇಳಿದ ಮೇಲೆ ಮಾತ್ರ ಇನ್ನೊಬ್ಬರ ಕೈಯಿಂದ ಬಿಚ್ಚಿಸಬೇಕು. ವೃತ್ತಿಪರ ರಿಗ್ಗರ್ (ಹಗ್ಗ-ಕೊಕ್ಕೆ ಕಟ್ಟುವ ತಜ್ಞ) ಸಿಗದಿದ್ದರೆ ಬಾಗಿಲಿನಿಂದ ನಡೆದುಕೊಂಡು ಬರಲಿ.

ಶೋ ಮುಗಿದ ರಾತ್ರಿ

ಪಿಲ್ಮನ್, ಯೊಕೊಜುನಾ, ಕರ್ಟ್ ಹೆನ್ನಿಗ್, ಗರೆರೊ, ನಾಲ್ವರೂ ತೀರಿಕೊಂಡದ್ದು ಹೋಟೆಲುಗಳಲ್ಲಿ. ಆದ್ದರಿಂದ ಆಯೋಜಕರ ಜವಾಬ್ದಾರಿ ದೀಪ ಆರಿಸಿದ ಮೇಲೂ ಮುಂದುವರಿಯುತ್ತದೆ. ತಲೆಗೆ ಪೆಟ್ಟಾದವರು ಅವತ್ತು ವಾಹನ ಓಡಿಸುವಂತಿಲ್ಲ, ಒಬ್ಬರೇ ಮಲಗುವಂತಿಲ್ಲ. ಕೋಣೆಗಳನ್ನು ಇಬ್ಬಿಬ್ಬರಿಗೆ ಹಂಚಿ. ಓಪಿಯಾಯ್ಡ್ (ಅಫೀಮು ವರ್ಗದ) ನೋವುಮಾತ್ರೆ, ಕ್ಯಾರಿಸೊಪ್ರೊಡಾಲ್‌ನಂಥ ಸ್ನಾಯು ಸಡಿಲಿಸುವ ಮಾತ್ರೆ, ಮದ್ಯ, ಇವು ಒಂದೊಂದೂ ಉಸಿರಾಟವನ್ನು ತಗ್ಗಿಸುತ್ತವೆ. ಮೂರೂ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ವಿಚಿತ್ರವಾದ ಗೊರಕೆ, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಅಲುಗಿಸಿದರೂ ಏಳದಿರುವುದು ಅದರ ಗುರುತು. ಗೊರಕೆ ಕೇಳಿ ‘ಸುಸ್ತಾಗಿ ಮಲಗಿದ್ದಾನೆ’ ಎಂದು ಬಿಟ್ಟುಬಿಡುವುದೇ ಎಲ್ಲರೂ ಮಾಡುವ ತಪ್ಪು. ಆಂಬುಲೆನ್ಸ್ ಕರೆದು, 4 ಮಿಲಿಗ್ರಾಂ ನಲಾಕ್ಸೋನ್ ಸ್ಪ್ರೇಯನ್ನು ಒಂದು ಮೂಗಿನ ಹೊಳ್ಳೆಗೆ ಹಾಕಿ; ಎರಡು ಮೂರು ನಿಮಿಷದಲ್ಲಿ ಉಸಿರು ಸರಿಯಾಗದಿದ್ದರೆ ಇನ್ನೊಂದು ಹೊಳ್ಳೆಗೆ ಮತ್ತೊಂದು ಡೋಸ್. ಅದು ಓಪಿಯಾಯ್ಡ್ ಅನ್ನು ಮಾತ್ರ ತಡೆಯುತ್ತದೆ, ಮದ್ಯವನ್ನಾಗಲಿ ಸ್ನಾಯುಮಾತ್ರೆಯನ್ನಾಗಲಿ ಅಲ್ಲ. ಎಚ್ಚರವಾಗಿ ಬೈದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಲೇಬೇಕು: ನಲಾಕ್ಸೋನ್ ಪ್ರಭಾವ ಮಾತ್ರೆಗಿಂತ ಬೇಗ ಇಳಿಯುತ್ತದೆ.